ಎರಡನೇ ಗುಂಪಿನವರ ಸರದಿ ಎಲ್ಲಿ ಹೋಯಿತು?

ಬೇಸಿಗೆ ಸಂಶೋಧನಾ ತರಬೇತಿಯ ಮಾನ್ಯ ಮುಖ್ಯಸ್ಥರೇ,

ನನ್ನ ಗಂಡನಿಗೆ ಒಂದು ಸರದಿ ಕೊಡುತ್ತೇವೆಂದು ನಿಮ್ಮ ತರಬೇತಿಯವರು ಮಾತು ಕೊಟ್ಟಿದ್ದರು. ಕೊಡಲಿಲ್ಲ. ಅದು ಕಳೆದ ಬೇಸಿಗೆಯ ಮಾತು. ಈಗ ಇನ್ನೊಂದು ಬೇಸಿಗೆ ಬಂದಿದೆ, ನಿಮ್ಮ ಹೊಸ ತಂಡದ ಮಕ್ಕಳು ಇಸ್ತ್ರಿ ಮುರಿಯದ ಬಿಳಿ ಕೋಟು ತೊಟ್ಟು ಆಸ್ಪತ್ರೆಯ ಕಾರಿಡಾರಿನಲ್ಲಿ ಓಡಾಡುತ್ತಿದ್ದಾರೆ, ನಮ್ಮ ಸರದಿ ಮಾತ್ರ ಇನ್ನೂ ಬಂದಿಲ್ಲ. ನಿಮ್ಮ ಕಚೇರಿಗೆ ಬಂದು ಕೇಳಿದಾಗಲೆಲ್ಲ "ಸಾಹೇಬರು ಮೀಟಿಂಗಿನಲ್ಲಿದ್ದಾರೆ" ಎಂಬ ಉತ್ತರ. ದಿನಾ ಅದೇ ಮುಖಗಳನ್ನು ನೋಡಿ ಅವರಿಗೆ ಬೇಸರ ಬರೋದಿಲ್ವೇನಪ್ಪಾ ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ. ಅವರಿಗೆ ನಗು ಬಂತು, ನನಗೆ ಬರಲಿಲ್ಲ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನ್ನ ಗಂಡ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇವರಿಗೆ ಮಾತೂ ಚೆನ್ನಾಗಿ ಬರುತ್ತಿತ್ತು, ಜಗಳವೂ ಚೆನ್ನಾಗಿಯೇ ಬರುತ್ತಿತ್ತು. ಮಂಡಿಯ ಈ ತುದಿಯಲ್ಲಿ ನಿಂತು ಈರುಳ್ಳಿಯ ದರ ಕೂಗಿದರೆ ಆ ತುದಿಯಲ್ಲಿ ಟೊಮೆಟೊ ತೂಗುವವನು ಕತ್ತೆತ್ತಿ ನೋಡಬೇಕು, ಅಂಥ ಗಂಟಲು. ಇಷ್ಟು ವರ್ಷದ ಸಂಸಾರದಲ್ಲಿ ಒಂದು ಸಲವೂ ನನ್ನ ಹೆಸರು ಹಿಡಿದು ಕರೆದವರಲ್ಲ. "ಏನೇ" ಅಂದರೆ ನಾನು. "ಏನೇ, ನೀರು." "ಏನೇ, ನನ್ನ ಕನ್ನಡಕ ಎಲ್ಲಿಟ್ಟೆ?" ತಲೆಯ ಮೇಲೇ ಇದೆಯಲ್ಲ ಮಾರಾಯ್ರೇ ಎಂದರೆ, ಅಲ್ಲಿಟ್ಟವಳೂ ನಾನೇ ಎನ್ನುವಂತೆ ಗುರಾಯಿಸುತ್ತಿದ್ದರು. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತಿದ್ದವರು "ಏ... ಏ..." ಎಂದರು. ಏನು ಬೇಕು ಹೇಳಿ ಎಂದು ಅಡುಗೆಮನೆಯಿಂದಲೇ ರೇಗಿದೆ. ಹೊರಗೆ ಬಂದು ನೋಡಿದರೆ ಮುಖದ ಒಂದು ಪಕ್ಕ ಜಾರಿತ್ತು, ಸೋಪಿನ ನೊರೆ ಹಾಗೇ ಇತ್ತು.

ಪಾರ್ಶ್ವವಾಯು. ಕೈಕಾಲು ಬೇಗ ಸರಿಹೋಯಿತು, ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ತಿರುಗಿ ಹೇಳಲು ಪದ ಸಿಗುವುದಿಲ್ಲ. ನಾಲಿಗೆಗೆ ಏನೂ ಆಗಿಲ್ಲ, ಮಿದುಳಿನಲ್ಲಿ ಪದಗಳಿರುವ ಜಾಗಕ್ಕೆ ಹೋಗುವ ದಾರಿ ಕೆಟ್ಟಿದೆ ಎಂದು ವೈದ್ಯರು ತಿಳಿಸಿದರು. ದಾರಿ ಮತ್ತೆ ಆಗಬೇಕೆಂದರೆ ದಿನಾ ನಡೆಸಬೇಕು, ಮೊದಲ ವರ್ಷದಲ್ಲೇ ನಡೆಸಬೇಕು, ಆಮೇಲೆ ಕಷ್ಟ ಎಂದೂ ಹೇಳಿದರು. ಮಂಡಿಯ ಸ್ನೇಹಿತರು ನೋಡಲು ಬಂದಾಗ ಇವರು ಎದ್ದು ನಿಂತು "ಒಂದು ಸಾರಿ! ಎರಡು ಸಾರಿ! ಮೂರು ಸಾರಿ!" ಎಂದು ಸ್ಪಷ್ಟವಾಗಿ ಕೂಗಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರು ಸಾರಿ ಆದಮೇಲೆ ಮಾಲು ಯಾರಿಗೆ ಎಂದು ಹೇಳಬೇಕಲ್ಲ, ಆ ಹೆಸರು ಬಾಯಿಗೆ ಬರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತು ಮಗುವಿನ ಹಾಗೆ ಅತ್ತರು.

ನಿಮ್ಮ ಆಸ್ಪತ್ರೆಯಲ್ಲಿ ಇಂಥವರಿಗೆ ಮಾತು ಕಲಿಸುವ ಒಂದು ಕೋಣೆ ಇತ್ತು. ಹಿಂದೆ ಗಾಲಿಕುರ್ಚಿಗಳನ್ನು ಇಡುತ್ತಿದ್ದ ಕೋಣೆಯಂತೆ, ಕಿಟಕಿ ಒಂದೇ, ಫ್ಯಾನು ತಿರುಗುವಾಗ ಕಟಕಟ ಅನ್ನುತ್ತಿತ್ತು. ಅಲ್ಲಿದ್ದ ಸ್ಪೀಚ್ ಥೆರಪಿಸ್ಟ್ ಒಬ್ಬರೇ. ಗುತ್ತಿಗೆಯ ಕೆಲಸ, ತಾಳ್ಮೆ ಮಾತ್ರ ಕಾಯಂ. ಹೊರಗಿನ ಬೆಂಚಿನ ತುಂಬ ನಮ್ಮಂಥವರು. ನಿಮ್ಮ ತರಬೇತಿಯ ವಿದ್ಯಾರ್ಥಿನಿ ನಮ್ಮ ಹತ್ತಿರ ಬಂದದ್ದು ಆ ಬೆಂಚಿಗೇ. ಎರಡನೇ ವರ್ಷದ ಡಾಕ್ಟರಿಕೆ ಓದುತ್ತಿದ್ದ ಹುಡುಗಿ. ಕೊರಳಿಗೆ ಸ್ಟಾಪ್‌ವಾಚು ನೇತುಹಾಕಿಕೊಂಡಿದ್ದರಿಂದ ನಾವೆಲ್ಲ ಅವಳನ್ನು ಗಡಿಯಾರದ ಹುಡುಗಿ ಎಂದೇ ಕರೆದೆವು. ರಜೆಯಲ್ಲಿ ಮನೆಗೆ ಹೋಗಿ ನಿದ್ದೆ ಹೊಡೆಯುವುದು ಬಿಟ್ಟು ರೋಗಿಗಳ ಜೊತೆ ಕೂರಲು ಬಂದಿದ್ದಾಳಲ್ಲ ಎಂದು ನನಗೆ ಅವಳ ಮೇಲೆ ಅಕ್ಕರೆ ಹುಟ್ಟಿತು. ಆ ಅಕ್ಕರೆ ಈಗಲೂ ಇದೆ, ಈ ಪತ್ರ ಅವಳ ಮೇಲಿನ ದೂರಲ್ಲ.

ಅವಳು ವಿವರಿಸಿದ್ದು ಇಷ್ಟು. ಮಾತಿನ ಕೋಣೆಯ ತರಬೇತಿಯಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ತಿಳಿಯಬೇಕು. ಅದಕ್ಕಾಗಿ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಮೊದಲನೇ ಗುಂಪಿನವರಿಗೆ ಬೇಸಿಗೆಯಿಡೀ ದಿನಾ ಕೋಣೆಯೊಳಗೆ ತರಬೇತಿ. ಎರಡನೆಯವರಿಗೆ ತರಬೇತಿ ಇಲ್ಲ, ವಾರಕ್ಕೊಮ್ಮೆ ಚಿತ್ರದ ಕಾರ್ಡು ತೋರಿಸಿ ಎಷ್ಟು ಹೆಸರು ಹೇಳುತ್ತಾರೆಂದು ಗುರುತು ಹಾಕಿಕೊಳ್ಳುವುದು. ಯಾರು ಯಾವ ಗುಂಪು ಎಂದು ಕಂಪ್ಯೂಟರ್ ಹೇಳುತ್ತದೆ. ಇವರಿಗೆ ಎರಡನೆಯದು ಬಂತು. ನನ್ನ ಮುಖ ಸಪ್ಪಗಾದದ್ದು ನೋಡಿ ಅವಳು, "ಬೇಜಾರ್ ಮಾಡ್ಕೋಬೇಡಿ ಆಂಟಿ. ಬೇಸಿಗೆ ಮುಗಿದು ಫಲಿತಾಂಶ ಬಂದ್ಮೇಲೆ ಎರಡನೇ ಗುಂಪಿನವರ ಸರದಿ. ಅಂಕಲ್‌ಗೂ ಪೂರ್ತಿ ತರಬೇತಿ ಸಿಗುತ್ತೆ. ನಮ್ಮ ಸರ್ ಹೇಳಿದ್ದಾರೆ" ಎಂದಳು. ಆ ಮಾತು ನಂಬಿ ನಾನು ಸಹಿ ಹಾಕಿದೆ.

ಇನ್ನು ಆ ಪರೀಕ್ಷೆ ನಡೆದ ಬಗೆ ಕೇಳಿ, ನೀವು ಕಣ್ಣಾರೆ ನೋಡಿದವರಲ್ಲ. ಹುಡುಗಿ ಕೊಡೆಯ ಚಿತ್ರ ಎತ್ತಿ ಹಿಡಿಯುತ್ತಾಳೆ, ಗಡಿಯಾರ ಒತ್ತುತ್ತಾಳೆ. ಇವರ ಹಣೆಯಲ್ಲಿ ಬೆವರು. "ಕೊ..." ಎಂದು ಒಂದು ಅಕ್ಷರ ಎತ್ತಿಕೊಟ್ಟರೆ ಸಾಕು, ಪದ ಹೊರಗೆ ಬರುತ್ತದೆ, ನನಗದು ಗೊತ್ತು. ಅವಳಿಗೂ ಗೊತ್ತಿತ್ತು. ಆದರೆ ಎತ್ತಿಕೊಡಬಾರದೆಂಬುದು ನಿಮ್ಮ ನಿಯಮ. ಎರಡನೇ ಗುಂಪಿಗೆ ಸಹಾಯ ಮಾಡಿದರೆ ಲೆಕ್ಕ ಕೆಡುತ್ತದಂತೆ. ಅವಳು ತುಟಿ ಕಚ್ಚಿಕೊಂಡು ಕಾಯುತ್ತಿದ್ದಳು, ಇವರು ಅವಳ ತುಟಿಯನ್ನೇ ನೋಡುತ್ತಿದ್ದರು. ಸಮಯ ಮುಗಿದ ಮೇಲೆ ಕಾರ್ಡು ಕೆಳಗಿಡುತ್ತಿದ್ದಳು. ಡಾಕ್ಟರಾಗಲು ಬಂದ ಮಗುವಿಗೆ ನೀವು ಮೊದಲು ಕಲಿಸಿದ ಪಾಠ ಇದು: ಎದುರಿಗೆ ಕೂತವನು ಒದ್ದಾಡುತ್ತಿದ್ದರೆ ಕೈ ಕಟ್ಟಿಕೊಂಡು ಗಡಿಯಾರ ನೋಡು. ಇದನ್ನು ಕಲಿಸಲು ತರಬೇತಿ ಬೇಕಿತ್ತೇ? ಸರ್ಕಾರಿ ಕಚೇರಿಯ ಯಾವ ಕಿಟಕಿಯ ಮುಂದೆ ನಿಂತರೂ ಪುಕ್ಕಟೆ ಕಲಿಯಬಹುದಲ್ಲ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ದಯವಿಟ್ಟು ಕನ್ನಡಕ ಹಾಕಿಕೊಂಡು ಓದಿ. ಪ್ರತಿ ವಾರ ತೋರಿಸುತ್ತಿದ್ದದ್ದು ಅವೇ ಕಾರ್ಡುಗಳು. ಕೊಡೆ, ಏಣಿ, ಕತ್ತರಿ, ಬೀಗ, ಬಾಚಣಿಗೆ, ಮೇಣದಬತ್ತಿ. ಸ್ವಾಮೀ, ನಾನು ಟೀಚರು. ಪರೀಕ್ಷೆ ಇದೆ ಎಂದು ಗೊತ್ತಿದ್ದು, ಪ್ರಶ್ನೆ ಏನೆಂದೂ ಗೊತ್ತಿದ್ದು, ನನ್ನ ಮನೆಯ ವಿದ್ಯಾರ್ಥಿ ಫೇಲಾಗುವುದನ್ನು ನೋಡುತ್ತಾ ಕೂರುವ ಜಾತಿಯವಳಲ್ಲ. ಅಲ್ಲದೆ, ಫಲಿತಾಂಶ ಬಂದ ಮೇಲೆ ಸರದಿ ಎಂದಿದ್ದಳಲ್ಲ, ಇವರು ಕಡಿಮೆ ಅಂಕ ತೆಗೆದರೆ ಸರದಿ ತಪ್ಪಿಸಿಬಿಟ್ಟಾರು ಎಂಬ ಹೆದರಿಕೆ ಬೇರೆ. ಮನೆಗೆ ಬಂದವಳೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲ ಚಿತ್ರ ಬರೆದೆ. ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಸುತ್ತು, ಸಂಜೆ ಒಂದು ಸುತ್ತು. "ಕೊ" ಎಂದು ನಾನು ಎತ್ತಿಕೊಡುವುದು, "ಡೆ" ಎಂದು ಇವರು ಮುಗಿಸುವುದು. ಆಮೇಲೆ ಎತ್ತಿಕೊಡದೆ. ತಪ್ಪಿದರೆ ಬೈದೆ, ಸರಿಯಾದರೆ ಕಾಫಿ. ಹರಾಜು ಕೂಗಿದ ಗಂಡಸು ಎಲ್‌ಕೆಜಿ ಹುಡುಗನ ಹಾಗೆ ಕೈಕಟ್ಟಿ ಕೂತು "ಏಣಿ" ಎಂದರೆ ನನಗೆ ನಗಬೇಕೋ ಅಳಬೇಕೋ ಗೊತ್ತಾಗುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಿಮ್ಮ ಸಂಶೋಧನೆ ಹೇಗೋ ಬದುಕಿಕೊಳ್ಳುತ್ತಿತ್ತು. ಬೆಂಚಿನಲ್ಲಿ ಎರಡನೇ ಗುಂಪಿನ ಉಳಿದವರೂ ಇದ್ದರಲ್ಲ. ಒಬ್ಬ ಅಜ್ಜಿಯ ಅಳಿಯ ನನ್ನನ್ನು ಕೇಳಿದ: "ಏನ್ ಟೀಚರೇ, ನಿಮ್ ಯಜಮಾನ್ರು ಈ ವಾರ ಪಟಪಟ ಅಂತ ಹೇಳಿಬಿಟ್ರಲ್ಲ? ನಮ್ಮತ್ತೆ ಬಾಯೇ ಬಿಡ್ತಿಲ್ಲ." ಹೇಳಿಕೊಟ್ಟೆ. ಅವನು ಇನ್ನೊಬ್ಬರಿಗೆ ಹೇಳಿದ. ಮುಂದಿನ ವಾರಕ್ಕೆ ಎರಡನೇ ಗುಂಪು ಅಷ್ಟೂ ನನ್ನ ಟ್ಯೂಷನ್ನು. ನಿಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ, ನಿಮ್ಮ ಮೂಗಿನ ಕೆಳಗೆ, ಕ್ಯಾಲೆಂಡರಿನ ಹಾಳೆ ಹಿಡಿದು "ಎಲ್ಲರೂ ಹೇಳಿ, ಬಾ... ಬಾ..." ಎಂದರೆ "ಚಣಿಗೆ" ಎಂದು ಬೆಂಚಿಗೆ ಬೆಂಚೇ ಕೂಗುತ್ತಿತ್ತು. ಹಾದುಹೋದ ನರ್ಸುಗಳು ನಕ್ಕರು. ಹಾದುಹೋದ ಡಾಕ್ಟರುಗಳು ಫೋನು ನೋಡುತ್ತಿದ್ದರು. ಹುಡುಗಿ ಒಳಗಿನ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಬಾಗಿಲು ಹಾಕಿಕೊಂಡು ಪರೀಕ್ಷಿಸುತ್ತಿದ್ದುದರಿಂದ ಅವಳಿಗೆ ಕಾಣಲೂ ಇಲ್ಲ, ಕೇಳಲೂ ಇಲ್ಲ. ಮನೆಯಲ್ಲಿ ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದ್ದರೆ ಮುಚ್ಚಿಡುತ್ತಿರಲಿಲ್ಲ, ಹೆಮ್ಮೆಯಿಂದ ಹೇಳುತ್ತಿದ್ದೆ. ನೀವು ಕೊಟ್ಟ ಕಾಗದದಲ್ಲಿ "ಮನೆಯಲ್ಲಿ ಎಂದಿನಂತೆ ಇರಿ" ಎಂದಿತ್ತು. ನಾನು ಎಂದಿನಂತೆಯೇ ಇದ್ದೆ, ಜೀವನಪೂರ್ತಿ ಮಾಡಿದ್ದೇ ಆ ಕೆಲಸ.

ಬೇಸಿಗೆ ಮುಗಿಯಿತು. ನಿಮ್ಮ ಸಭಾಂಗಣದಲ್ಲಿ ಪ್ರದರ್ಶನ. ಹುಡುಗಿ ಒತ್ತಾಯ ಮಾಡಿ ಕರೆದಳೆಂದು ನಾವಿಬ್ಬರೂ ಹೋದೆವು. ಇವರು ಮಂಡಿಯ ವಾರ್ಷಿಕ ಸಭೆಗೆ ಹಾಕುವ ಕೋಟು ಹಾಕಿಕೊಂಡಿದ್ದರು. ಸಾಲಾಗಿ ಸ್ಟ್ಯಾಂಡು, ಸ್ಟ್ಯಾಂಡಿಗೊಂದು ಪೋಸ್ಟರು, ಪೋಸ್ಟರಿಗೊಂದು ಮಗು. ಇವಳ ಪೋಸ್ಟರಿನಲ್ಲಿ ಅಂಕ ತೋರಿಸುವ ಎರಡು ಕಂಬ ಬರೆದಿತ್ತು, ಮೊದಲನೇ ಗುಂಪಿನದೊಂದು, ಎರಡನೆಯದೊಂದು. ಎರಡೂ ಒಂದೇ ಎತ್ತರ. ಕೆಳಗೆ ದಪ್ಪಕ್ಷರದಲ್ಲಿ: "ಮಾತಿನ ತರಬೇತಿಯಿಂದ ಹೆಚ್ಚುವರಿ ಪ್ರಯೋಜನ ಕಂಡುಬಂದಿಲ್ಲ." ಅದಕ್ಕೆ ಬಹುಮಾನ. ಬಹುಮಾನ ಕೊಟ್ಟವರು ತಾವೇ. "ಪ್ರಯೋಜನ ಇಲ್ಲ ಅಂತ ಗೊತ್ತಾಗೋದೂ ಒಂದು ದೊಡ್ಡ ಪ್ರಯೋಜನ" ಎಂದು ಮೈಕಿನಲ್ಲಿ ಹೇಳಿದಿರಿ. ನನಗೆ ಕೂರಲಾಗಲಿಲ್ಲ, ಎದ್ದು ನಿಂತೆ. "ಸಾರ್, ನಮ್ಮ ಗುಂಪಿಗೂ ತರಬೇತಿ ಆಗಿದೆ. ದಿನಾ ಎರಡು ಹೊತ್ತು ನಾನೇ ಹೇಳಿಕೊಟ್ಟಿದ್ದೀನಿ. ಅದಕ್ಕೇ ಎರಡು ಕಂಬವೂ ಸಮ ಬಂದಿದೆ" ಎಂದೆ. ನೀವು ನಕ್ಕಿರಿ. "ತುಂಬಾ ಸಂತೋಷ ಅಮ್ಮಾ, ಹೀಗೇ ಮುಂದುವರಿಸಿ" ಎಂದಿರಿ. ಸಭೆಯೂ ನಕ್ಕಿತು, ಚಪ್ಪಾಳೆಯೂ ಬಿತ್ತು. ಅಷ್ಟು ಜನ ವಿದ್ವಾಂಸರಲ್ಲಿ ನಾನು ಹೇಳಿದ್ದು ಅರ್ಥವಾದದ್ದು ಒಬ್ಬಳಿಗೇ. ಹುಡುಗಿ ಕೈಯಲ್ಲಿ ಬಹುಮಾನದ ತಟ್ಟೆ ಹಿಡಿದು ಬಿಳುಚಿಕೊಂಡು ನಿಂತಿದ್ದಳು.

ಅವಳು ಸುಮ್ಮನಿರಲಿಲ್ಲ ಮಾನ್ಯರೇ, ಇದು ದಾಖಲಾಗಲಿ. ತನ್ನ ಮಾರ್ಗದರ್ಶಕರ ಬಳಿ ಹೋಗಿ, ಫಲಿತಾಂಶ ತಪ್ಪು, ವಾಪಸ್ ತೆಗೆದುಕೊಳ್ಳೋಣ ಎಂದಳಂತೆ. "ರಜೆ ಮುಗೀತಲ್ಲಮ್ಮ. ಇನ್ಯಾವಾಗ ಮಾಡ್ತೀಯಾ? ಕೊನೇಲಿ ಒಂದು ಸಾಲು ಸೇರಿಸು, ಸಾಕು" ಎಂದರಂತೆ ಅವರು. ಆ ಸಾಲು ಈಗ ನಿಮ್ಮ ವರದಿಯ ಕೊನೆಯ ಪುಟದಲ್ಲಿ ಇರುವೆ ಗಾತ್ರದಲ್ಲಿ ಕೂತಿದೆ: "ಮನೆಯ ವಾತಾವರಣದ ಪ್ರಭಾವವನ್ನು ತಳ್ಳಿಹಾಕಲಾಗದು." ಮನೆಯ ವಾತಾವರಣ ಎಂದರೆ ನಾನು. ನಮ್ಮ ಮನೆಗೆ ಬಂದು ಇದನ್ನು ಹೇಳುವಾಗ ಅವಳು ಅಳುತ್ತಿದ್ದಳು. ಇವರು ಎದ್ದು ಹೋಗಿ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟರು. ಏನೋ ಸಮಾಧಾನ ಹೇಳಬೇಕೆಂದು ಬಾಯಿ ತೆರೆದರು. "ಕತ್ತರಿ" ಎಂದರು. ನಾಚಿಕೆಯಾಗಿ ಒಳಗೆ ಹೋದರು.

ಅಲ್ಲೇ ಇರುವುದು ಇನ್ನೊಂದು ಮೋಸ. ಕಾರ್ಡಿನ ಹೆಸರು ಹೇಳುವುದು ಮಾತಲ್ಲ. ನಾನು ಕಲಿಸಿದ್ದು ಪರೀಕ್ಷೆಗೆ, ಬದುಕಿಗಲ್ಲ. ನಮ್ಮ ಶಾಲೆಗಳಲ್ಲೂ ನಡೆಯುವುದು ಅದೇ ಆದ್ದರಿಂದ ನನಗೆ ಬೇಗ ಹೊಳೆಯಲಿಲ್ಲ. ಇವರಿಗೆ ಏಣಿ ಎನ್ನಲು ಬಂತು, ನೀರು ಬೇಕು ಎನ್ನಲು ಬರಲಿಲ್ಲ. ಕೋಣೆಯೊಳಗೆ ಆ ಥೆರಪಿಸ್ಟ್ ಕಲಿಸುತ್ತಿದ್ದದ್ದು ನೀರು ಕೇಳುವುದನ್ನು, ನೋವು ಎಲ್ಲಿ ಎಂದು ಹೇಳುವುದನ್ನು, ಮನೆಯವರನ್ನು ಕರೆಯುವುದನ್ನು. ಮೊದಲನೇ ಗುಂಪಿನಲ್ಲಿದ್ದ ಲಾರಿ ಡ್ರೈವರ್ ಒಬ್ಬ ಬೇಸಿಗೆ ಮುಗಿಯುವ ಹೊತ್ತಿಗೆ ದೂರದಲ್ಲಿದ್ದ ತಂಗಿಗೆ ಫೋನು ಮಾಡಿ "ಊಟ ಆಯ್ತಾ?" ಎಂದು ಕೇಳಿದ. ಅವಳು ಆ ಕಡೆಯಿಂದ ಕಿರುಚಿದ್ದು ಬೆಂಚಿಗೆಲ್ಲ ಕೇಳಿಸಿತು. ಅದು ನಿಮ್ಮ ಕಂಬದಲ್ಲಿ ಎಷ್ಟು ಎತ್ತರ ಬಂದಿದೆ? ಬಂದಿಲ್ಲ, ಏಕೆಂದರೆ ಅಳೆದದ್ದು ಕಾರ್ಡುಗಳನ್ನು ಮಾತ್ರ. ಕಾರ್ಡೇ ಏಕೆ ಎಂದು ಹುಡುಗಿಯನ್ನು ಕೇಳಿದ್ದೆ. ಮಾತನ್ನು ಅಳೆಯೋದಕ್ಕೆ ತುಂಬಾ ಕಾಲ ಬೇಕು ಆಂಟಿ, ರಜೆಯೊಳಗೆ ಮುಗಿಯೋ ಹಾಗಿರೋದನ್ನೇ ಆರಿಸ್ಕೋಬೇಕು ಅಂತಾರೆ ಎಂದಳು. ನಿಮ್ಮ ರಜೆಯ ಅಳತೆಗೆ ತಕ್ಕಂತೆ ರೋಗವನ್ನು ಕತ್ತರಿಸಿಕೊಂಡಿರಿ. ರೋಗಕ್ಕೆ ರಜೆಯಿಲ್ಲವಲ್ಲ.

ಮಕ್ಕಳು ರಜೆಯಲ್ಲಿ ಕಲಿಯಬಾರದೆಂದು ನಾನು ಹೇಳುವುದಿಲ್ಲ. ಕಲಿಯುವವರು ತಪ್ಪು ಮಾಡುತ್ತಾರೆ, ನನ್ನ ಕೈಕೆಳಗೆ ಕಲಿತ ಮಕ್ಕಳು ಮಾಡಿದ ತಪ್ಪುಗಳನ್ನು ಒಂದರ ಮೇಲೊಂದು ಇಟ್ಟರೆ ನಿಮ್ಮ ಆಸ್ಪತ್ರೆಯ ಮಹಡಿ ಮುಟ್ಟುತ್ತದೆ. ಆದರೆ ನಾನು ಯಾವ ಮಗುವಿನ ತಪ್ಪು ಲೆಕ್ಕವನ್ನು ಹಿಡಿದುಕೊಂಡೂ ಅಂಗಡಿ ಮುಚ್ಚಿಸಲಿಲ್ಲ. ನೀವು ಮುಚ್ಚಿಸಿದಿರಿ. ಎರಡನೇ ವರ್ಷದ ವಿದ್ಯಾರ್ಥಿನಿಯ ರಜೆಯ ಅಭ್ಯಾಸವನ್ನು ಆಡಳಿತ ಮಂಡಳಿಯ ಮುಂದಿಟ್ಟು, "ಪ್ರಯೋಜನವಿಲ್ಲವೆಂದು ಸಾಬೀತಾಗಿದೆ" ಎಂದು ಥೆರಪಿಸ್ಟರ ಗುತ್ತಿಗೆ ನಿಲ್ಲಿಸಿದಿರಿ. ಪ್ರಯೋಜನವಿಲ್ಲದ ತರಬೇತಿಗೆ ಸರದಿ ಏಕೆ ಎಂದು ನಮ್ಮ ಸರದಿಯನ್ನೂ ರದ್ದು ಮಾಡಿದಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು. ಆ ಕೋಣೆಯಲ್ಲಿ ಈಗ ಏನಿದೆ ಗೊತ್ತೇ? ಬಾಗಿಲಿನ ಸಂದಿಯಿಂದ ನೋಡಿದೆ. ಪೋಸ್ಟರಿನ ಸ್ಟ್ಯಾಂಡುಗಳನ್ನು ಒಂದಕ್ಕೊಂದು ಒರಗಿಸಿ ಇಟ್ಟಿದ್ದೀರಿ.

ಎಲ್ಲ ನಿನ್ನಿಂದಲೇ ಆದದ್ದಲ್ಲವೇ ತಾಯಿ ಎಂದು ನೀವು ಕೇಳಬಹುದು, ಬಂಧುಗಳಲ್ಲಿ ಒಬ್ಬಿಬ್ಬರು ಕೇಳಿಯೂ ಆಯಿತು. ಹೌದು, ನಾನು ಹೇಳಿಕೊಡದಿದ್ದರೆ ಎರಡನೇ ಕಂಬ ಕುಳ್ಳಗಿರುತ್ತಿತ್ತು, ಕೋಣೆ ಉಳಿಯುತ್ತಿತ್ತು, ಇವರಿಗೆ ಸರದಿ ಸಿಗುತ್ತಿತ್ತು. ಗಂಡ ಮಾತಾಡಲಿ ಎಂದು ಹೆಂಡತಿ ಪ್ರಯತ್ನ ಪಡುವುದೇ ಅವನ ಮಾತಿಗೆ ಮಣ್ಣು ಹಾಕುತ್ತದೆ ಎಂಬಂಥ ಏರ್ಪಾಡನ್ನು ಕಟ್ಟಿದವರು ಯಾರು? ರೋಗಿ ಮನೆಗೆ ಹೋದ ಮೇಲೆ ಗೋಡೆಗೆ ಒರಗಿಸಿಟ್ಟ ಕೊಡೆಯ ಹಾಗೆ ಮುಂದಿನ ವಾರದ ತನಕ ಸುಮ್ಮನೆ ನಿಂತಿರುತ್ತಾನೆ ಎಂದುಕೊಂಡವರು ಯಾರು? ಅವನಿಗೆ ಹೆಂಡತಿ, ಅಳಿಯ, ತಂಗಿ ಎಂಬವರು ಇರುತ್ತಾರೆ, ಅವರು ಸುಮ್ಮನೆ ಕೂರುವುದಿಲ್ಲ ಎಂಬುದು ತಿಳಿಯಲು ಎಷ್ಟು ಪದವಿ ಬೇಕು?

ಇವರ ಮೊದಲ ವರ್ಷ ಮುಗಿದಿದೆ. ಕಲಿತ ಕಾರ್ಡುಗಳೂ ಒಂದೊಂದಾಗಿ ಹೋಗುತ್ತಿವೆ. ಮೇಣದಬತ್ತಿ ಹೋಯಿತು, ಬೀಗ ಹೋಯಿತು. ಮೊದಲು ಮಾತಾಡಲು ಯತ್ನಿಸಿ ಸಿಟ್ಟಾಗುತ್ತಿದ್ದರು, ತಟ್ಟೆ ಎಸೆಯುತ್ತಿದ್ದರು. ಈಗ ಯತ್ನಿಸುವುದಿಲ್ಲ. ಬೇಕಾದ್ದನ್ನು ತಾವೇ ಎದ್ದು ತೆಗೆದುಕೊಳ್ಳುತ್ತಾರೆ. ಮನೆ ಎಷ್ಟು ಶಾಂತವಾಗಿದೆ ಎಂದು ಪಕ್ಕದ ಮನೆಯವರು ಮೆಚ್ಚಿಕೊಂಡರು. ಆ ಎರಡಕ್ಷರದ ಕೂಗಿಗೆ ನಾನು ಎಷ್ಟು ಸಲ ಬೈದಿದ್ದೆ, ನನಗೊಂದು ಹೆಸರಿಲ್ಲವಾ ಎಂದು ಎಷ್ಟು ಸಲ ಜಗಳ ಕಾದಿದ್ದೆ. ಈಗ ಅದನ್ನು ಒಮ್ಮೆ ಕೇಳಲು ನಾನು ಏನು ಬೇಕಾದರೂ ಕೊಟ್ಟೇನು, ಕೊಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಮೊನ್ನೆ ರಕ್ತದೊತ್ತಡ ನೋಡಿಸಲು ಆಸ್ಪತ್ರೆಗೆ ಬಂದಿದ್ದೆವು. ಬೆಂಚಿನಲ್ಲಿ ಕೂತಿದ್ದಾಗ ನಿಮ್ಮ ಈ ವರ್ಷದ ವಿದ್ಯಾರ್ಥಿಯೊಬ್ಬ ಬಂದ. ಸಭ್ಯ ಮಗು, ಮೊದಲು ನಮಸ್ಕಾರ ಮಾಡಿದ. ಮಾತು ಹೋದವರಿಗೆ ನಿದ್ದೆ ಹೇಗೆ ಬರುತ್ತದೆ ಎಂಬುದು ಈ ಸಲದ ವಿಷಯವಂತೆ. ನಿದ್ದೆಯಿಂದ ಮಾತು ಬರುತ್ತೇನಪ್ಪಾ ಎಂದೆ. "ಇಲ್ಲ ಆಂಟಿ, ಬರೀ ತಿಳ್ಕೊಳ್ಳೋದಕ್ಕೆ. ದಿನಾ ಬಂದು ಸ್ವಲ್ಪ ಹೊತ್ತು ಅಂಕಲ್ ಜೊತೆ ಕೂತ್ಕೊಂಡು ಪ್ರಶ್ನೆ ಕೇಳ್ತೀನಿ, ಅಷ್ಟೇ" ಎಂದ. ಬೇಡ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಅವನ ಕೈ ಹಿಡಿದುಕೊಂಡಿದ್ದರು. ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದರು, ಎಲ್ಲಿ ಎದ್ದು ಹೋಗಿಬಿಡುತ್ತಾನೋ ಎಂಬಂತೆ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಡುತ್ತಿದ್ದರು. ಯಾರೋ ದಿನಾ ಬಂದು ತಮ್ಮ ಮುಂದೆ ಕೂರುತ್ತಾರೆ, ಉತ್ತರಕ್ಕೆ ಕಾಯುತ್ತಾರೆ ಎನ್ನುವುದಷ್ಟೇ ಅವರ ಕಿವಿಗೆ ಬಿದ್ದದ್ದು. ನಾನು ಸಹಿ ಹಾಕಿದೆ.

ಆದ್ದರಿಂದ ನನ್ನ ಬೇಡಿಕೆ. ಸ್ಟ್ಯಾಂಡುಗಳನ್ನು ಹೊರಗೆ ಹಾಕಿ, ಆ ಕೋಣೆಯನ್ನು ತೆರೆಯಿರಿ. ಥೆರಪಿಸ್ಟರನ್ನು ಮರಳಿ ಕರೆಯಿರಿ. ಆ ಹುಡುಗಿ ತಪ್ಪೆಂದು ಒಪ್ಪಿಕೊಂಡ ಫಲಿತಾಂಶವನ್ನು ನೀವೂ ತಪ್ಪೆಂದು ಬರೆದು ಪ್ರಕಟಿಸಿ. ಎರಡನೇ ಗುಂಪಿನವರಿಗೆ ಅವರ ಸರದಿ ಕೊಡಿ. ಇದು ಯಾವುದನ್ನೂ ನೀವು ಮಾಡುವುದಿಲ್ಲವೆಂದು ನನಗೆ ಗೊತ್ತು. ಹಾಗಾದರೆ ಒಂದನ್ನಾದರೂ ಮಾಡಿ, ಖರ್ಚಿಲ್ಲದ್ದು. ಈ ವರ್ಷದ ಮಕ್ಕಳನ್ನು ಕರೆದು ತಾಕೀತು ಮಾಡಿ: ಬೆಂಚಿನಲ್ಲಿ ಕೂತವರಿಗೆ, ಅದರಲ್ಲೂ ಆ ಹರಾಜಿನ ಮುದುಕನಿಗೆ, "ಬೇಸಿಗೆ ಮುಗಿದ ಮೇಲೆ" ಎಂದು ಶುರುವಾಗುವ ಯಾವ ಮಾತನ್ನೂ ಹೇಳಬೇಡಿ. ಹೇಳಿದರೆ ಅವರು ನಂಬುತ್ತಾರೆ.

ಇಂತಿ,
ಉತ್ತರ ಬರುವುದಿಲ್ಲವೆಂದು ತಿಳಿದೂ ಬರೆದ,
ನಿಮ್ಮ ವರದಿಯ ಕೊನೆಯ ಪುಟದ "ಮನೆಯ ವಾತಾವರಣ"